ಹೊಲಕ್ಕೆ ಪಹಣಿ ಇದೆ, ಹೆರಿಗೆಗೆ?

ಆನ್‌ಸೈಟ್ ಅಂತ ಅಮೆರಿಕಕ್ಕೆ ಹೋಗಿ ಬಂದ ಗೆಳೆಯರು ಹೇಳುವ ಕತೆಗಳಲ್ಲಿ ಒಂದು ನನಗೆ ಯಾವಾಗಲೂ ಸೋಜಿಗ ಅನ್ನಿಸುತ್ತೆ. ಅಲ್ಲಿ ಹೈವೇ ಪಕ್ಕದಲ್ಲಿ ವಕೀಲರ ದೊಡ್ಡ ದೊಡ್ಡ ಬೋರ್ಡುಗಳು ಇರ್ತವಂತೆ. ಅಪಘಾತ ಆಯ್ತಾ, ಫೋನ್ ಮಾಡಿ. ಹೆರಿಗೆಯಲ್ಲಿ ಮಗುವಿಗೆ ಪೆಟ್ಟಾಯ್ತಾ, ಫೋನ್ ಮಾಡಿ. ಕೇಸು ಗೆದ್ದರೆ ಮಾತ್ರ ಫೀಸು! ಹೆರಿಗೆಯ ಹೊತ್ತಿನಲ್ಲಿ ವೈದ್ಯರ ನಿರ್ಲಕ್ಷ್ಯದಿಂದ ಪೆಟ್ಟು ತಿಂದ ಮಕ್ಕಳ ಪರ ವಾದ ಮಾಡೋದನ್ನೇ ಜೀವಮಾನದ ಕಸುಬು ಮಾಡಿಕೊಂಡ ವಕೀಲರು ಅಲ್ಲಿದ್ದಾರೆ.

ನಮ್ಮ ಕಲಬುರಗಿಯಲ್ಲಿ ಹೊಲದ ಕೇಸಿನ ವಕೀಲರು ಬೇಕಾದಷ್ಟು. ಅಣ್ತಮ್ಮಂದಿರ ಪಾಲಿನ ಜಗಳಕ್ಕೆ, ಲಾರಿ ಆಕ್ಸಿಡೆಂಟಿಗೆ, ಕ್ರಿಮಿನಲ್ ಕೇಸಿಗೆ ಹೆಸರಾದವರು ಇದ್ದಾರೆ. ಆದರೆ "ಹುಟ್ಟುವಾಗಲೇ ಪೆಟ್ಟು ತಿಂದ ಕೂಸಿನ ಪರ ನಿಲ್ಲೋದೇ ನನ್ನ ಕೆಲಸ" ಅನ್ನುವ ವಕೀಲರ ಹೆಸರನ್ನು ನಾನಂತೂ ಕೇಳಿಲ್ಲ. ಯಾಕೆ ಹೀಗೆ? ನಮ್ಮಲ್ಲಿ ಅಂಥ ಮಕ್ಕಳು ಇಲ್ಲ ಅಂತಲ್ಲ. ಕಾನೂನು ಇಲ್ಲ ಅಂತಲೂ ಅಲ್ಲ. ಈ ಪ್ರಶ್ನೆ ಹಿಡಿದುಕೊಂಡು ಓದುತ್ತಾ ಹೋದೆ. ನಾನು ವಕೀಲನೂ ಅಲ್ಲ, ಡಾಕ್ಟರೂ ಅಲ್ಲ, ಕೋಡ್ ಬರೆದು ಹೊಟ್ಟೆ ಹೊರೆಯುವವನು. ಆದರೂ ಸಿಕ್ಕಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಸ್ವಲ್ಪ ಉದ್ದ ಆಗಿದೆ, ತಾಳ್ಮೆ ಇರಲಿ.

ಕತೆ ಶುರುವಾಗೋದು ನಮ್ಮ ಮಣ್ಣಿನಲ್ಲೇ. ಕಲಬುರಗಿಯಿಂದ ಹುಮನಾಬಾದ್ ಕಡೆ ಹೊರಟರೆ ಸುಮಾರು 35 ಕಿ.ಮೀ. ದೂರದಲ್ಲಿ ಕಮಲಾಪುರ ಸಿಗುತ್ತೆ. ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು, ಜಿಐ ಮಾನ್ಯತೆಯೂ ಆ ಹಣ್ಣಿಗೆ ಇದೆ. ಮೊದಲು ಕಲಬುರಗಿ ತಾಲೂಕಿನಲ್ಲೇ ಇತ್ತು, 2018ರಲ್ಲಿ ತಾನೇ ತಾಲೂಕಾಯ್ತು. ಅದೇ ದಾರಿ ಹಿಡಿದು ಮುಂದೆ ಹೋದರೆ ಬಸವಕಲ್ಯಾಣ, ಅಂದರೆ ಚಾಲುಕ್ಯರ ಕಲ್ಯಾಣ. 1076ರಿಂದ 1126ರವರೆಗೆ ಆಳಿದ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ಅಲ್ಲಿದ್ದ ವಿಜ್ಞಾನೇಶ್ವರ, ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರ' ಅನ್ನೋ ಟೀಕೆ ಬರೆದ. ಕಲಬುರಗಿ ಜಿಲ್ಲೆಯ ಮರತೂರು ಅವನ ಊರು ಅಂತ ನಮ್ಮ ಕಡೆ ಹೇಳ್ತಾರೆ.

ಮಿತಾಕ್ಷರದ ಹೆಸರು ಇವತ್ತಿಗೂ ಕೋರ್ಟುಗಳಲ್ಲಿ ಕೇಳಿಬರುತ್ತೆ. ಅದರ ಮುಖ್ಯ ಮಾತು ಇಷ್ಟೇ: ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹಕ್ಕು ಬರೋದು ಅಪ್ಪ ಸತ್ತ ಮೇಲಲ್ಲ, ಮಗ ಹುಟ್ಟಿದ ಗಳಿಗೆಯಲ್ಲೇ. ಬಂಗಾಳದಲ್ಲಿ ನಡೆದ ದಾಯಭಾಗ ಪದ್ಧತಿಯಲ್ಲಿ ಅಪ್ಪ ಸತ್ತ ಮೇಲೆ ಹಕ್ಕು. ನಮ್ಮಲ್ಲಿ ಹಾಗಲ್ಲ. ಪಾಲಾಗುವಾಗ ತಾಯಿ ಬಸುರಿಯಾಗಿದ್ದರೆ ಆಮೇಲೆ ಹುಟ್ಟುವ ಕೂಸಿಗೂ ಪಾಲಿದೆ. (ಹೆಣ್ಣುಮಕ್ಕಳಿಗೆ ಈ ಜನ್ಮಸಿದ್ಧ ಹಕ್ಕು ಬರಲಿಕ್ಕೆ ಕರ್ನಾಟಕದಲ್ಲಿ 1994ರ ತನಕ, ದೇಶದಲ್ಲಿ 2005ರ ತನಕ ಕಾಯಬೇಕಾಯ್ತು, ಅದು ಬೇರೆ ಕತೆ.) 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೂ ಗರ್ಭದಲ್ಲಿದ್ದು ಆಮೇಲೆ ಜೀವಂತ ಹುಟ್ಟಿದ ಮಗುವಿಗೆ ಆಸ್ತಿ ಹಕ್ಕು ಇದೆ.

ಅದೇ ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ವೈದ್ಯರ ಬಗ್ಗೆಯೂ ಒಂದು ನಿಯಮ ಇದೆ. ತಪ್ಪು ಚಿಕಿತ್ಸೆ ಕೊಟ್ಟ ವೈದ್ಯನಿಗೆ ದಂಡ. ಪ್ರಾಣಿಗೆ ಮಾಡಿದ್ದರೆ ಕಡಿಮೆ ದಂಡ, ಸಾಮಾನ್ಯ ಮನುಷ್ಯನಿಗಾದರೆ ಮಧ್ಯಮ ದಂಡ, ರಾಜನ ಕಡೆಯವನಿಗಾದರೆ ದೊಡ್ಡ ದಂಡ. ಎರಡು ಸಂಗತಿ ಗಮನಿಸಿ. ಪೆಟ್ಟು ತಿಂದವನು ಯಾರು ಅನ್ನೋದರ ಮೇಲೆ ತಪ್ಪಿನ ತೂಕ ಬದಲಾಗುತ್ತೆ. ಮತ್ತೆ, ಆ ದಂಡ ಹೋಗೋದು ರಾಜನ ಬೊಕ್ಕಸಕ್ಕೆ. ಪೆಟ್ಟು ತಿಂದವನ ಮನೆಗೆ ಅಲ್ಲ!

ಅಂದರೆ ಹುಟ್ಟಿದ ಕೂಸಿಗೆ ಹೊಲದ ಮೇಲೆ ಹಕ್ಕಿದೆ ಅಂತ ಈ ನೆಲದಲ್ಲಿ ಸುಮಾರು 900 ವರ್ಷದ ಹಿಂದೆಯೇ ಬರೆದಿಟ್ಟರು. ಹುಟ್ಟುವಾಗ ಆ ಕೂಸಿನ ಮೈಗಾದ ಪೆಟ್ಟಿಗೆ ಆ ಕೂಸಿಗೇ ಏನಾದರೂ ಸಿಗಬೇಕು ಅನ್ನೋ ಮಾತು ನಮ್ಮ ಕಾನೂನಿನಲ್ಲಿ ಗಟ್ಟಿಯಾಗಿ ಬಂದದ್ದು ಮೊನ್ನೆ ಮೊನ್ನೆ.

ಎಷ್ಟು ಮೊನ್ನೆ ಅಂತ ತಿಳಿಯಲಿಕ್ಕೆ ಔರಂಗಾಬಾದಿಗೆ ಹೋಗಬೇಕು. ಯಾಕೆ ಔರಂಗಾಬಾದ್ ಅಂದರೆ, ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಕಲಬುರಗಿ ಮತ್ತು ಮರಾಠವಾಡ ಒಂದೇ ಮನೆಯಲ್ಲಿದ್ದವು. 1956ರಲ್ಲಿ ಬೇರೆಯಾದೆವು. ಅಲ್ಲಿನ ಸರ್ಕಾರಿ ಸಿವಿಲ್ ಆಸ್ಪತ್ರೆಯಲ್ಲಿ 1963ರ ಜುಲೈ 10ರಂದು ಒಬ್ಬ ತಾಯಿಗೆ ಹೆರಿಗೆಯಾಯ್ತು. ಜುಲೈ 13ಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿದರು. ಆಮೇಲೆ ಜ್ವರ, ನೋವು. ಮತ್ತೆ ಹೊಟ್ಟೆ ಬಿಚ್ಚಿ ನೋಡಿದರೆ ಒಳಗೆ ಒಂದು ಟವೆಲ್ ಉಳಿದಿತ್ತು! ಜುಲೈ 24ರಂದು ಆಕೆ ತೀರಿಕೊಂಡರು. ಗಂಡ, ಮಕ್ಕಳು ದಾವೆ ಹೂಡಿದರು. ಕೆಳಗಿನ ಕೋರ್ಟು 36,000 ರೂಪಾಯಿ ಕೊಡಿ ಅಂದಿತು, ಹೈಕೋರ್ಟು ಅದನ್ನು ಕಿತ್ತುಹಾಕಿತು, ಸುಪ್ರೀಂ ಕೋರ್ಟು ಮತ್ತೆ ಕೊಡಿ ಅಂದಿತು. ಆ ತೀರ್ಪು ಬಂದದ್ದು 1996ರ ಫೆಬ್ರವರಿಯಲ್ಲಿ. 33 ವರ್ಷ! ಅವತ್ತು ಹುಟ್ಟಿದ ಕೂಸು ಬದುಕಿದ್ದರೆ ನನಗಿಂತ ದೊಡ್ಡ ವಯಸ್ಸಾಗಿರುತ್ತಿತ್ತು ತೀರ್ಪಿನ ಹೊತ್ತಿಗೆ. ಟವೆಲ್ಲಿನಂಥ ಕಣ್ಣಿಗೆ ಕಾಣುವ ಸಾಕ್ಷಿ ಇದ್ದ ಕೇಸಿನ ಪಾಡು ಇದು.

ಸಿವಿಲ್ ಕೋರ್ಟಿನ ಈ ನಿಧಾನಕ್ಕೆ ಪಕ್ಕದಲ್ಲಿ ಇನ್ನೊಂದು ಬಾಗಿಲು ತೆರೆದದ್ದು 1986ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಜಿಲ್ಲೆಗೊಂದು ವೇದಿಕೆ, ಕೋರ್ಟ್ ಶುಲ್ಕದ ಹೊರೆ ಇಲ್ಲ, ವಕೀಲರಿಲ್ಲದೆ ತಾವೇ ವಾದ ಮಾಡಬಹುದು. ಆದರೆ ವೈದ್ಯರ ಕೆಲಸ ಇದರೊಳಗೆ ಬರುತ್ತೋ ಇಲ್ಲವೋ ಅಂತ ವರ್ಷಗಟ್ಟಲೆ ಜಗ್ಗಾಟ ನಡೀತು. ಇಂಡಿಯನ್ ಮೆಡಿಕಲ್ ಅಸೋಸಿಯೇಷನ್ ಮತ್ತು ವಿ.ಪಿ. ಶಾಂತಾ ಪ್ರಕರಣದಲ್ಲಿ 1995ರ ನವೆಂಬರ್ 13ರಂದು ಸುಪ್ರೀಂ ಕೋರ್ಟು "ಬರುತ್ತೆ" ಅಂತ ಹೇಳಿತು. ಜೊತೆಗೆ ಒಂದು ಗೆರೆಯನ್ನೂ ಎಳೀತು: ಎಲ್ಲರಿಗೂ ಸಂಪೂರ್ಣ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆ ಇದರಿಂದ ಹೊರಗೆ. ಈ ಗೆರೆಯನ್ನು ನೆನಪಿಡಿ, ಕಮಲಾಪುರಕ್ಕೆ ಬಂದಾಗ ಬೇಕಾಗುತ್ತೆ.

ಆಮೇಲೆ 1998ರಲ್ಲಿ ಸ್ಪ್ರಿಂಗ್ ಮೆಡೋಸ್ ಆಸ್ಪತ್ರೆಯ ಪ್ರಕರಣ. ದೆಹಲಿಯಲ್ಲಿ ಒಂದು ಮಗುವಿಗೆ ನರ್ಸ್ ತಪ್ಪು ಇಂಜೆಕ್ಷನ್ ಕೊಟ್ಟು ಮಿದುಳಿಗೆ ಶಾಶ್ವತ ಹಾನಿ ಆಗಿತ್ತು. ದುಡ್ಡು ಕೊಟ್ಟವರು ಅಪ್ಪ ಅಮ್ಮ, ಚಿಕಿತ್ಸೆ ಪಡೆದದ್ದು ಮಗು, ಹಾಗಾದರೆ ಗ್ರಾಹಕ ಯಾರು? ಇಬ್ಬರೂ ಅಂತ ಸುಪ್ರೀಂ ಕೋರ್ಟು ಹೇಳಿತು. ಮಗುವಿಗೆ 12.5 ಲಕ್ಷ, ಅಪ್ಪ ಅಮ್ಮಂದಿರ ಸಂಕಟಕ್ಕೆ ಬೇರೆಯಾಗಿ 5 ಲಕ್ಷ. ಅದು ಹೆರಿಗೆಯ ಕೇಸಲ್ಲ. ಆದರೆ ಮಾತಾಡಲಾರದ ಕೂಸು ತನ್ನದೇ ಹಕ್ಕಿನಲ್ಲಿ ಕಕ್ಷಿದಾರ ಆಗಬಹುದು ಅನ್ನೋದು ಅಲ್ಲಿಂದ ಗಟ್ಟಿಯಾಯ್ತು.

ಸರಿ, ಬಾಗಿಲು ತೆರೀತು. ಹಾಗಾದರೆ ಆ ಬಾಗಿಲಲ್ಲಿ ನಿಲ್ಲುವ ವಕೀಲರು ಯಾಕೆ ಹುಟ್ಟಲಿಲ್ಲ?

ಅಮೆರಿಕದ ಜಾನ್ ಎಡ್ವರ್ಡ್ಸ್ ಹೆಸರು ಕೇಳಿರಬಹುದು. 2004ರಲ್ಲಿ ಉಪಾಧ್ಯಕ್ಷ ಹುದ್ದೆಗೆ ನಿಂತಿದ್ದರು. ರಾಜಕೀಯಕ್ಕೆ ಬರುವ ಮೊದಲು ಅವರು ನಾರ್ತ್ ಕೆರೊಲಿನಾದಲ್ಲಿ ಇಂಥದ್ದೇ ವಕೀಲರು. 1985ರಲ್ಲಿ ಸೆರೆಬ್ರಲ್ ಪಾಲ್ಸಿ ಇದ್ದ ಒಂದು ಹೆಣ್ಣುಮಗುವಿನ ಪರವಾಗಿ ವಾದ ಮಾಡಿ ಹೆಸರಾದರು. ಹೆರಿಗೆ ಹೊತ್ತಿನಲ್ಲಿ ಮಗುವಿನ ಹೃದಯ ಬಡಿತವನ್ನು ಮಾನಿಟರ್ ಕಾಗದದ ಮೇಲೆ ಗೀಚಿಟ್ಟಿತ್ತು. ಎಡ್ವರ್ಡ್ಸ್ ಆ ಕಾಗದ ಹಿಡಿದು, ಗಂಟೆ ಗಂಟೆಗೂ ಒಳಗಿನ ಮಗುವಿಗೆ ಏನಾಗುತ್ತಿತ್ತು ಅಂತ ಆ ಮಗುವೇ ಮಾತಾಡುತ್ತಿರುವ ಹಾಗೆ ಜ್ಯೂರಿಗೆ ಹೇಳಿದರು. ಜ್ಯೂರಿ ಕೊಟ್ಟ ತೀರ್ಪು 65 ಲಕ್ಷ ಡಾಲರ್. ಇದು ನಾಟಕ ಅಂತ ಬೈದವರೂ ಇದ್ದಾರೆ, ವೈದ್ಯರು ಕೇಸಿಗೆ ಹೆದರಿ ಸುಮ್ಮನೆ ಸಿಸೇರಿಯನ್ ಮಾಡೋಕೆ ಇಂಥವರೇ ಕಾರಣ ಅಂದವರೂ ಇದ್ದಾರೆ. ಅದೇನೇ ಇರಲಿ, ಆ ವೃತ್ತಿ ನಿಂತಿರೋದು ಒಂದು ಲೆಕ್ಕದ ಮೇಲೆ: ಬಡ ಅಪ್ಪ ಅಮ್ಮ ಮೊದಲು ಏನೂ ಕೊಡಬೇಕಿಲ್ಲ, ಗೆದ್ದರೆ ಬಂದದ್ದರಲ್ಲಿ ವಕೀಲರಿಗೆ ಒಂದು ಪಾಲು. ಆ ಪಾಲಿನ ಆಸೆಗೆ ವಕೀಲರು ತಜ್ಞ ವೈದ್ಯರನ್ನು ಹುಡುಕಿ, ಅವರ ಫೀಸು ತಾವೇ ಕಟ್ಟಿ ವರ್ಷಗಟ್ಟಲೆ ಹೋರಾಡ್ತಾರೆ.

ಭಾರತದಲ್ಲಿ ಇದು ನಿಷಿದ್ಧ. ಗೆದ್ದರೆ ಇಷ್ಟು ಪಾಲು ಅಂತ ವಕೀಲರು ಕರಾರು ಮಾಡಿಕೊಳ್ಳಬಾರದು ಅಂತ ಬಾರ್ ಕೌನ್ಸಿಲ್ ನಿಯಮ ಇದೆ. ಜಾಹೀರಾತೂ ಕೊಡಬಾರದು. ಹಾಗಾಗಿ ಆ ಹೈವೇ ಬೋರ್ಡು ಕಲಬುರಗಿ-ಹುಮನಾಬಾದ್ ರಸ್ತೆಯಲ್ಲಿ ಬರೋದು ಸಾಧ್ಯವೇ ಇಲ್ಲ. ನಿಯಮಕ್ಕೆ ಒಳ್ಳೆಯ ಕಾರಣಗಳಿವೆ, ವಕೀಲಿಕೆ ವ್ಯಾಪಾರ ಆಗಬಾರದು ಅಂತ. ಆದರೆ ಅದರ ಇನ್ನೊಂದು ಮಗ್ಗುಲು ಇದು: ಕೂಲಿ ಮಾಡುವ ಅಪ್ಪ ಅಮ್ಮ ಫೀಸನ್ನು ಮೊದಲೇ ಹೊಂದಿಸಬೇಕು. ಲಾರಿ ಆಕ್ಸಿಡೆಂಟ್ ಕೇಸಿಗೆ ಲೆಕ್ಕದ ಸೂತ್ರ ಇದೆ, ಹಿಂದೆ ವಿಮಾ ಕಂಪನಿ ಇದೆ, ವಕೀಲರಿಗೆ ದಾರಿ ಗೊತ್ತಿದೆ. ಹೆರಿಗೆ ಕೇಸಿಗೆ ಪ್ರತಿಸಲವೂ ಹೊಸದಾಗಿ ದಾರಿ ಕಡಿಯಬೇಕು.

ಇನ್ನೊಂದು ತಮಾಷೆ ಹೇಳ್ತೀನಿ. ವೈದ್ಯರು ತಪ್ಪು ಮಾಡಿದರೆ ಗ್ರಾಹಕ ಆಯೋಗಕ್ಕೆ ಎಳೆಯಬಹುದು. ನಿಮ್ಮ ವಕೀಲರೇ ಗಡುವು ತಪ್ಪಿಸಿ ಕೇಸು ಕೆಡಿಸಿದರೆ? ಎಳೆಯೋ ಹಾಗಿಲ್ಲ! ವಕೀಲರ ಸೇವೆ ಗ್ರಾಹಕ ಕಾಯ್ದೆಯೊಳಗೆ ಬರೋದಿಲ್ಲ ಅಂತ 2024ರ ಮೇ 14ರಂದು ಸುಪ್ರೀಂ ಕೋರ್ಟು ಹೇಳಿತು. ಅದೇ ತೀರ್ಪಿನಲ್ಲಿ ಶಾಂತಾ ಪ್ರಕರಣವನ್ನೂ ಮರುಪರಿಶೀಲಿಸಬೇಕು ಅನ್ನೋ ಮಾತು ಬಂದಿತ್ತು. ಅದರ ಅಗತ್ಯ ಇಲ್ಲ ಅಂತ ಅದೇ ವರ್ಷ ನವೆಂಬರಿನಲ್ಲಿ ದೊಡ್ಡ ಪೀಠ ಹೇಳಿದ್ದರಿಂದ ವೈದ್ಯರು ಒಳಗೇ ಉಳಿದರು, ವಕೀಲರು ಹೊರಗೇ ಉಳಿದರು.

ಫೀಸಿಗಿಂತ ದೊಡ್ಡ ತೊಡಕು ಬೇರೆ ಇದೆ. ಪೆಟ್ಟು ಹೆರಿಗೆಯಲ್ಲೇ ಆಯ್ತು ಅಂತ ತೋರಿಸೋದು ಹೇಗೆ?

1861ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಜಾನ್ ಲಿಟ್ಲ್, ಮಕ್ಕಳ ಕೈಕಾಲು ಬಿಗಿದುಕೊಳ್ಳುವ ಈ ಸ್ಥಿತಿಗೆ ಕಷ್ಟದ ಹೆರಿಗೆ, ಉಸಿರುಕಟ್ಟುವಿಕೆ ಕಾರಣ ಅಂತ ಮಂಡಿಸಿದರು. ಬಹುಕಾಲ ಅದನ್ನು 'ಲಿಟ್ಲ್ ಕಾಯಿಲೆ' ಅಂತಲೇ ಕರೀತಿದ್ದರು. 1897ರಲ್ಲಿ ಇನ್ನೊಬ್ಬರು ತಕರಾರು ತೆಗೆದರು: ಹೊಟ್ಟೆಯೊಳಗೆ ಇರುವಾಗಲೇ ಮಗುವಿಗೆ ಏನೋ ಆಗಿರಬಹುದು, ಹೆರಿಗೆ ಕಷ್ಟವಾದದ್ದೇ ಅದರ ಲಕ್ಷಣ ಇರಬಹುದು ಅಂತ. ಯಾರು ಗೊತ್ತಾ? ಸಿಗ್ಮಂಡ್ ಫ್ರಾಯ್ಡ್! ಮನಸ್ಸಿನ ಶಾಸ್ತ್ರಕ್ಕೆ ಹೋಗುವ ಮೊದಲು ಅವರು ನರರೋಗ ವೈದ್ಯರು. ಮುಂದಿನ ಸಂಶೋಧನೆಗಳು ಫ್ರಾಯ್ಡ್ ಮಾತಿಗೆ ಸಾಕಷ್ಟು ಬೆಂಬಲ ಕೊಟ್ಟಿವೆ. ಸೆರೆಬ್ರಲ್ ಪಾಲ್ಸಿ ಇರುವ ಬಹುಪಾಲು ಮಕ್ಕಳಿಗೆ ಕಾರಣ ಹೆರಿಗೆ ಹೊತ್ತಿನ ಉಸಿರುಕಟ್ಟುವಿಕೆ ಅಲ್ಲ, ಅದು ಸಣ್ಣ ಪಾಲು ಮಾತ್ರ. ಅವಧಿಗೆ ಮೊದಲು ಹುಟ್ಟೋದು, ಸೋಂಕು, ಜೋರಾದ ಕಾಮಾಲೆ.. ಕಾರಣಗಳು ಹಲವು.

ಹಾಗಾಗಿ "ಮಗುವಿಗೆ ಹೀಗಾಗಿದೆ, ಆದ್ದರಿಂದ ಡಾಕ್ಟರದ್ದೇ ತಪ್ಪು" ಅನ್ನೋದು ನಿಲ್ಲೋದಿಲ್ಲ, ನಿಲ್ಲಲೂ ಬಾರದು. ಪ್ರಾಮಾಣಿಕವಾಗಿ ದುಡಿದ ಡಾಕ್ಟರ್, ನರ್ಸ್‌ಗಳಿಗೆ ಅದು ಅನ್ಯಾಯ. ಹಾಗೇ "ಹಣೆಬರಹ, ಬಿಡ್ರಿ" ಅನ್ನೋದೂ ಸರಿಯಲ್ಲ. ನಿರ್ಲಕ್ಷ್ಯದಿಂದ ಆದ ಆ ಸಣ್ಣ ಪಾಲನ್ನು ಉಳಿದವುಗಳಿಂದ ಬೇರ್ಪಡಿಸುವುದು ಹೇಗೆ? ನಮ್ಮ ಕಸುಬಿನಲ್ಲಿ ಸರ್ವರ್ ಬಿದ್ದರೆ ಮೊದಲು ಕೇಳೋದು ಲಾಗ್ ಎಲ್ಲಿದೆ ಅಂತ. ಲಾಗ್ ಇಲ್ಲದಿದ್ದರೆ ಉಳಿಯೋದು ಬೈದಾಟ ಮಾತ್ರ. ಹೆರಿಗೆಗೂ ಒಂದು ಲಾಗ್ ಇದೆ, ಅದರ ಹೆಸರು ಪಾರ್ಟೋಗ್ರಾಫ್. ಒಂದೇ ಹಾಳೆ. ಗರ್ಭಕೊರಳು ಎಷ್ಟು ತೆರೆದಿದೆ, ಮಗುವಿನ ಎದೆಬಡಿತ ಎಷ್ಟು, ನೋವು ಎಷ್ಟು ಹೊತ್ತಿಗೊಮ್ಮೆ, ತಾಯಿಯ ಬಿಪಿ ಎಷ್ಟು, ಎಲ್ಲವನ್ನೂ ಸಮಯದ ಎದುರು ಗ್ರಾಫ್ ಹಾಕುತ್ತಾ ಹೋಗೋದು. 1954ರಲ್ಲಿ ಅಮೆರಿಕದ ಫ್ರೀಡ್‌ಮನ್ ಹೆರಿಗೆಯನ್ನು ಗ್ರಾಫ್ ಮಾಡಿ ತೋರಿಸಿದರು. 1972ರಲ್ಲಿ ಈಗಿನ ಜಿಂಬಾಬ್ವೆಯಲ್ಲಿ ಫಿಲ್ಪಾಟ್ ಮತ್ತು ಕ್ಯಾಸಲ್ ಅದಕ್ಕೆ ಎಚ್ಚರಿಕೆಯ ಗೆರೆ ಸೇರಿಸಿದರು. ಯಾಕೆ ಗೊತ್ತಾ? ಹಳ್ಳಿಯ ಹೆರಿಗೆ ಕೇಂದ್ರದ ಸೂಲಗಿತ್ತಿ ನರ್ಸ್ ಆ ಗೆರೆ ನೋಡಿ, ಈ ತಾಯಿಯನ್ನು ದೊಡ್ಡ ಆಸ್ಪತ್ರೆಗೆ ಯಾವಾಗ ಕಳಿಸಬೇಕು ಅಂತ ತೀರ್ಮಾನಿಸಲಿ ಅಂತ. ಅಂದರೆ ಕಮಲಾಪುರದಂಥ ಊರಿಗೇ ಮಾಡಿದ ಹಾಗಿದೆ! ತುಂಬಿಟ್ಟ ಆ ಹಾಳೆ ಮಗುವನ್ನು ಉಳಿಸುತ್ತೆ, ತಪ್ಪಿಲ್ಲದ ಡಾಕ್ಟರನ್ನು ಕಾಪಾಡುತ್ತೆ, ತಪ್ಪಾಗಿದ್ದರೆ ಎಲ್ಲಿ ಅಂತ ಹೇಳುತ್ತೆ.

ದಾಖಲೆ ಇದ್ದಾಗ ಏನಾಗುತ್ತೆ ಅನ್ನೋದಕ್ಕೆ ಚೆನ್ನೈ ಎಗ್ಮೋರ್ ಸರ್ಕಾರಿ ಆಸ್ಪತ್ರೆಯ ಪ್ರಕರಣ ನೋಡಿ. 1996ರ ಆಗಸ್ಟ್ 30ರಂದು, 29ನೇ ವಾರಕ್ಕೇ ಒಂದು ಹೆಣ್ಣುಮಗು ಹುಟ್ಟಿತು. ತೂಕ 1,250 ಗ್ರಾಂ. ಇಷ್ಟು ಬೇಗ ಹುಟ್ಟಿದ ಮಕ್ಕಳ ಕಣ್ಣಿನ ಪರದೆಗೆ ಹಾನಿ ಆಗುವ ಸಂಭವ ಇರುತ್ತೆ, ಕೆಲವೇ ವಾರಗಳಲ್ಲಿ ಕಣ್ಣು ಪರೀಕ್ಷೆ ಮಾಡಿದರೆ ಉಳಿಸಬಹುದು. ಪರೀಕ್ಷೆ ಮಾಡಲಿಲ್ಲ, ಮಾಡಿಸಿ ಅಂತ ಹೇಳಲೂ ಇಲ್ಲ. ನಾಲ್ಕೂವರೆ ತಿಂಗಳಾದಾಗ ಗೊತ್ತಾಯ್ತು, ಹೊತ್ತು ಮೀರಿತ್ತು. ಡಿಸ್ಚಾರ್ಜ್ ಕಾಗದದಲ್ಲಿ ಕಣ್ಣಿನ ಮಾತೇ ಇರಲಿಲ್ಲ ಅನ್ನೋದೇ ಸಾಕ್ಷಿಯಾಯ್ತು. ರಾಷ್ಟ್ರೀಯ ಆಯೋಗ ಕೊಟ್ಟದ್ದು 5 ಲಕ್ಷ. ಸುಪ್ರೀಂ ಕೋರ್ಟು 2015ರ ಜುಲೈ 1ರಂದು ಅದನ್ನು ಸುಮಾರು 1.8 ಕೋಟಿಗೆ ಏರಿಸಿತು. ಆ ಹುಡುಗಿಗೆ ಆಗ 18 ವರ್ಷ, ಮುಂದಿನ 51 ವರ್ಷದ ಖರ್ಚನ್ನು, ಹಣದುಬ್ಬರ ವರ್ಷಕ್ಕೆ ಶೇಕಡಾ 1 ಅಂತ ಹಿಡಿದು, ಚಕ್ರಬಡ್ಡಿ ಸೂತ್ರದಲ್ಲಿ ಲೆಕ್ಕ ಹಾಕಿದ್ದಾರೆ. ಮಗುವಿನ ಇಡೀ ಬದುಕನ್ನು ಕೋರ್ಟು ಎದುರಿಗೆ ಇಟ್ಟುಕೊಂಡು ನೋಡಿತು ಅನ್ನೋದು ನನಗೆ ಮುಖ್ಯ ಅನ್ನಿಸಿತು.

ಇದೇ ಕಣ್ಣಿನ ತೊಂದರೆಗೆ ನಮ್ಮ ಕರ್ನಾಟಕದಲ್ಲಿ ಕೋರ್ಟಿಗಿಂತ ಮೊದಲೇ ಒಂದು ಉತ್ತರ ಹುಟ್ಟಿತ್ತು. ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ ತಂಡ 2008ರಲ್ಲಿ ಶುರು ಮಾಡಿದ 'ಕಿಡ್‌ರಾಪ್' ಯೋಜನೆ. ತಂತ್ರಜ್ಞರು ಕ್ಯಾಮೆರಾ ಹಿಡಿದುಕೊಂಡು ಜಿಲ್ಲೆಯ ನವಜಾತ ಶಿಶು ಘಟಕಗಳಿಗೆ ಹೋಗಿ ಕಣ್ಣಿನ ಪರದೆಯ ಚಿತ್ರ ತೆಗೆದು ಇಂಟರ್ನೆಟ್ ಮೂಲಕ ಕಳಿಸ್ತಾರೆ, ತಜ್ಞರು ಬೆಂಗಳೂರಿನಲ್ಲಿ ಕೂತು ನೋಡ್ತಾರೆ. ಉತ್ತರ ಕರ್ನಾಟಕದ ಜಿಲ್ಲೆಗಳಿಗೂ ಅದು ಬಂದಿದೆ. ನಮ್ಮ ಕಸುಬಿನವರು ಹೆಮ್ಮೆ ಪಡಬಹುದಾದ ಕೆಲಸ.

ಈಗ ಕಮಲಾಪುರಕ್ಕೆ ಬರೋಣ. ಅಲ್ಲಿನ ಒಂದು ತಾಂಡಾದ ಹೆಣ್ಣುಮಗಳು ಅಂತ ಊಹಿಸಿಕೊಳ್ಳಿ. ಹೆಸರು ಬೇಡ, ಇದು ಕಲ್ಪನೆ. ಒಂದು ತಲೆಮಾರಿನ ಹಿಂದೆ ಆಕೆಯ ತಾಯಿ ಮನೆಯಲ್ಲೇ ಹಡೆದಿರ್ತಾಳೆ. 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೊತ್ತಿಗೆ ಕರ್ನಾಟಕದಲ್ಲಿ ಆಸ್ಪತ್ರೆ ಹೆರಿಗೆ ಶೇಕಡಾ 65ರ ಆಸುಪಾಸು ಇತ್ತು, 2019-21ಕ್ಕೆ ಶೇಕಡಾ 97. ಜನನಿ ಸುರಕ್ಷಾ ಯೋಜನೆ, 2008ರಲ್ಲಿ ಬಂದ 108 ಆಂಬುಲೆನ್ಸ್, ಆಶಾ ಕಾರ್ಯಕರ್ತೆಯರು, ಎಲ್ಲ ಸೇರಿ ಮಾಡಿದ ದೊಡ್ಡ ಕೆಲಸ ಇದು. ಹೆರಿಗೆ ದವಾಖಾನೆಗೆ ಬಂತು, ಅದರ ಜೊತೆ ಹೊಣೆಯೂ ದವಾಖಾನೆಗೆ ಬಂತು.

ಈಕೆಗೆ ನೋವು ಶುರುವಾಗುತ್ತೆ. ಮೊದಲು ಕಮಲಾಪುರದ ಸಮುದಾಯ ಆರೋಗ್ಯ ಕೇಂದ್ರ. ಕಷ್ಟ ಅನ್ನಿಸಿದರೆ "ಕಲಬುರಗಿಗೆ ಒಯ್ರಿ" ಅಂತಾರೆ. 108 ಬರುವ ತನಕ ಕಾಯೋದು, ಆಮೇಲೆ 35 ಕಿ.ಮೀ. ದಾರಿ. ಕಲಬುರಗಿಯಲ್ಲಿ ಸರ್ಕಾರಿ ದವಾಖಾನೆಯಲ್ಲಿ ಜಾಗ ಇಲ್ಲದಿದ್ದರೆ ಖಾಸಗಿ. ಕೂಸು ಹುಟ್ಟಿದ ಮೇಲೆ ಅಳಲಿಲ್ಲ ಅಂದರೆ ಕೆಲವರು ಸೊಲ್ಲಾಪುರಕ್ಕೋ ಹೈದರಾಬಾದಿಗೋ ಓಡ್ತಾರೆ. ನಾಲ್ಕು ಕಡೆ ನಾಲ್ಕು ತುಂಡು ದಾಖಲೆ! ನಡುವಿನ ಆ ಎರಡು ತಾಸು ಯಾರ ಲಾಗ್‌ನಲ್ಲಿದೆ? ಪ್ರತಿಯೊಬ್ಬರೂ "ನಮ್ಮ ಹತ್ತಿರ ಬರುವಾಗಲೇ ತಡ ಆಗಿತ್ತು" ಅನ್ನಬಹುದು. ನಿಜವೂ ಇರಬಹುದು.

ಇನ್ನು ಗಡುವುಗಳ ಲೆಕ್ಕ ನೋಡಿ. ಕೂಸು ಸತ್ತರೆ ಅವತ್ತೇ ಜನ ಸೇರ್ತಾರೆ, ದವಾಖಾನೆ ಮುಂದೆ ಧರಣಿ ಆಗುತ್ತೆ, ಪೇಪರಿನಲ್ಲಿ ಬರುತ್ತೆ. ಬದುಕಿ ಉಳಿದು ಪೆಟ್ಟಾದ ಕೂಸಿಗೆ ಯಾರೂ ಸೇರೋದಿಲ್ಲ, ಯಾಕೆಂದರೆ ಪೆಟ್ಟಾಗಿದೆ ಅಂತಲೇ ಆಗ ಗೊತ್ತಿರೋದಿಲ್ಲ. ಕುತ್ತಿಗೆ ನಿಲ್ಲಲಿಲ್ಲ, ಕೂರಲಿಲ್ಲ ಅಂತ ಅನುಮಾನ ಬರೋದು ಎಂಟು-ಹತ್ತು ತಿಂಗಳಿಗೆ. "ತಡವಾಗಿ ಕೂಡ್ತಾನ, ನಮ್ಮ ಮನೆತನದಾಗ ಹಿಂಗೇ" ಅಂತ ಹಿರಿಯರು ಸಮಾಧಾನ ಹೇಳ್ತಾರೆ. ದೇವರು-ದಿಂಡರು ಆಗಿ, ಸರಿಯಾದ ಡಾಕ್ಟರ್ ಹತ್ತಿರ ಹೋಗಿ ಹೆಸರು ಗೊತ್ತಾಗುವ ಹೊತ್ತಿಗೆ ಎರಡು ವರ್ಷ. ಗ್ರಾಹಕ ಆಯೋಗಕ್ಕೆ ದೂರು ಕೊಡುವ ಗಡುವು ಎಷ್ಟು? ಎರಡು ವರ್ಷ! ತಡವಾದದ್ದಕ್ಕೆ ಕಾರಣ ತೋರಿಸಿ ಮನ್ನಿಸಿ ಅಂತ ಕೇಳಬಹುದು, ಆದರೆ ಅದೇ ಒಂದು ಹೋರಾಟ.

ಸಿವಿಲ್ ಕೋರ್ಟಿನಲ್ಲಿ ಮಕ್ಕಳಿಗೆ ರಿಯಾಯಿತಿ ಇದೆ, 18 ತುಂಬುವವರೆಗೂ ಗಡುವಿನ ಗಡಿಯಾರ ಓಡೋದಿಲ್ಲ. ಆದರೆ 2002ರ ವೈದ್ಯಕೀಯ ಮಂಡಳಿ ನಿಯಮದ ಪ್ರಕಾರ ಒಳರೋಗಿಯ ದಾಖಲೆಯನ್ನು ವೈದ್ಯರು ಇಟ್ಟುಕೊಳ್ಳಬೇಕಾದದ್ದು 3 ವರ್ಷ ಮಾತ್ರ. ದಾವೆ ಹೂಡುವ ಹಕ್ಕು 18 ವರ್ಷ ಬದುಕಿರುತ್ತೆ, ಸಾಕ್ಷಿ ಮೂರೇ ವರ್ಷಕ್ಕೆ ಡಿಲೀಟ್. ಇಂಥ ಡಿಸೈನ್ ನಮ್ಮ ಆಫೀಸಿನಲ್ಲಿ ಯಾರಾದರೂ ಮಾಡಿದರೆ ರಿವ್ಯೂನಲ್ಲೇ ವಾಪಸ್ ಬರುತ್ತೆ.

ಆಮೇಲೆ ಆ ಗೆರೆ. ಆಕೆ ಹಡೆದದ್ದು ಪೂರ್ತಿ ಉಚಿತ ಸರ್ಕಾರಿ ದವಾಖಾನೆಯಲ್ಲಾದರೆ ಗ್ರಾಹಕ ಆಯೋಗದ ಬಾಗಿಲು ಮುಚ್ಚಿರಬಹುದು. ಎಲ್ಲರಿಗಿಂತ ಬಡವರಿಗೆ ಎಲ್ಲರಿಗಿಂತ ಉದ್ದದ ದಾರಿ: ಸಿವಿಲ್ ದಾವೆ ಅಥವಾ ಹೈಕೋರ್ಟಿನಲ್ಲಿ ರಿಟ್ ಅರ್ಜಿ. 2008ರ ಜುಲೈವರೆಗೆ ಹೈಕೋರ್ಟ್ ಅಂದರೆ ನಮಗೆ ಬೆಂಗಳೂರು, ಒಂದು ರಾತ್ರಿ ರೈಲು ಪ್ರಯಾಣ. ವಕೀಲರ ವರ್ಷಗಟ್ಟಲೆ ಹೋರಾಟದ ಮೇಲೆ 2008ರ ಜುಲೈ 5ರಂದು ಗುಲ್ಬರ್ಗದಲ್ಲಿ ಸಂಚಾರಿ ಪೀಠ ಶುರುವಾಯ್ತು, 2013ರ ಆಗಸ್ಟಿನಲ್ಲಿ ಕಾಯಂ ಆಯ್ತು. ಕಮಲಾಪುರದಿಂದ ಬಸ್ ಹತ್ತಿ ಹೋಗಿ ಸಂಜೆಗೆ ವಾಪಸ್ ಬರುವಷ್ಟು ಹತ್ತಿರ ಬಂತು ಹೈಕೋರ್ಟು. ಆದರೂ ಯಾರ ತಪ್ಪು ಅನ್ನೋದರಲ್ಲೇ ತಕರಾರಿದ್ದರೆ "ಸಿವಿಲ್ ಕೋರ್ಟಿಗೆ ಹೋಗಿ" ಅನ್ನೋ ಸಂಭವ ಇದೆ.

ಒಳ್ಳೆಯದೂ ಆಗಿದೆ. ಹಳೆಯ ಕಾಯ್ದೆಯಲ್ಲಿ ಹೈದರಾಬಾದಿನ ಆಸ್ಪತ್ರೆ ಮೇಲೆ ದೂರಿದ್ದರೆ ಹೈದರಾಬಾದಿಗೇ ಅಲೆಯಬೇಕಿತ್ತು. 2020ರ ಜುಲೈ 20ರಿಂದ ಜಾರಿಗೆ ಬಂದ ಹೊಸ ಗ್ರಾಹಕ ಕಾಯ್ದೆಯಲ್ಲಿ ದೂರುದಾರ ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಸೊಲ್ಲಾಪುರ, ಹೈದರಾಬಾದುಗಳನ್ನೇ ನಂಬಿಕೊಂಡ ನಮ್ಮ ಗಡಿ ಜಿಲ್ಲೆಗೆ ಇದು ದೊಡ್ಡ ಬದಲಾವಣೆ. ಆಸ್ಪತ್ರೆಯಲ್ಲಿ ಏನು ನಡೀತು ಅಂತ ವಿವರಿಸುವ ಹೊಣೆ ಆಸ್ಪತ್ರೆಯದ್ದು ಅಂತ 2004ರ ಸವಿತಾ ಗರ್ಗ್ ತೀರ್ಪು ಹೇಳಿದೆ. ಪ್ರತಿ ಕೇಸಿಗೂ ತಜ್ಞರ ಸಾಕ್ಷಿ ಕಡ್ಡಾಯ ಅಲ್ಲ ಅಂತ 2010ರಲ್ಲಿ ಹೈದರಾಬಾದಿನ ಒಂದು ಆಸ್ಪತ್ರೆಯ ಕೇಸಿನಲ್ಲೇ ತೀರ್ಮಾನ ಆಗಿದೆ. ಇನ್ನೊಂದು ಕಡೆ, ಪ್ರಾಮಾಣಿಕ ವೈದ್ಯರನ್ನು ಸುಮ್ಮಸುಮ್ಮನೆ ಪೊಲೀಸ್ ಠಾಣೆಗೆ ಎಳೆಯಬಾರದು, ಕ್ರಿಮಿನಲ್ ಕೇಸಿಗೆ ಘೋರ ನಿರ್ಲಕ್ಷ್ಯವೇ ಇರಬೇಕು ಅಂತ 2005ರ ಜೇಕಬ್ ಮ್ಯಾಥ್ಯೂ ತೀರ್ಪು ಬಂದಿದೆ. ಅದೂ ಬೇಕಾದದ್ದೇ. ಕೂಸಿಗೆ ಬೇಕಾದದ್ದು ಡಾಕ್ಟರ್ ಜೈಲಿಗೆ ಹೋಗೋದಲ್ಲ, ಫಿಸಿಯೋಥೆರಪಿ, ಗಾಲಿಕುರ್ಚಿ, ಶಾಲೆ, ಅಪ್ಪ ಅಮ್ಮನ ನಂತರವೂ ನಡೆಯುವ ಬದುಕು.

ವಕೀಲರ ಪ್ರಶ್ನೆಗೂ ಕಾನೂನಿನಲ್ಲಿ ಒಂದು ಉತ್ತರ ಇದೆ. ಹೆಚ್ಚು ಜನರಿಗೆ ಗೊತ್ತಿಲ್ಲ. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ವಿಧಿ ಪ್ರಕಾರ ಹೆಂಗಸರಿಗೆ ಮತ್ತು ಮಕ್ಕಳಿಗೆ ಉಚಿತ ವಕೀಲರು ಸಿಗಬೇಕು, ಆದಾಯ ಎಷ್ಟೇ ಇರಲಿ. ಅಂದರೆ ಪೆಟ್ಟು ತಿಂದ ಪ್ರತಿ ಕೂಸಿಗೂ ಕಲಬುರಗಿಯ ಜಿಲ್ಲಾ ಪ್ರಾಧಿಕಾರದಲ್ಲಿ ಒಬ್ಬ ವಕೀಲರನ್ನು ಕೇಳುವ ಹಕ್ಕಿದೆ. ಗೆದ್ದರೆ ಪಾಲು ಅನ್ನೋ ಅಮೆರಿಕದ ದಾರಿ ಬೇಡ ಅಂದ ಮೇಲೆ ನಮ್ಮ ದಾರಿ ಇದೇ. ಆ ದಾರಿಯಲ್ಲಿ ಪಾರ್ಟೋಗ್ರಾಫ್ ಓದಬಲ್ಲ ಒಬ್ಬರು ವಕೀಲರು ತಯಾರಾದರೆ ಒಂದು ಹೊಸ ವೃತ್ತಿಯೇ ಶುರುವಾದ ಹಾಗೆ.

ವಕೀಲರು ಬರುವ ಮುಂಚೆ ಕಾಗದ ಒಟ್ಟುಮಾಡಿದ ಉದಾಹರಣೆ ನಮ್ಮ ಜಿಲ್ಲೆಯಲ್ಲೇ ಇದೆ. 2015ರ ಹೊತ್ತಿಗೆ ಲಂಬಾಣಿ ತಾಂಡಾಗಳ, ದಲಿತ ಕೇರಿಗಳ ಹೆಣ್ಣುಮಕ್ಕಳಿಗೆ ಖಾಸಗಿ ದವಾಖಾನೆಗಳಲ್ಲಿ ಬೇಡದಿದ್ದರೂ ಗರ್ಭಕೋಶ ತೆಗೆದಿದ್ದಾರೆ ಅನ್ನೋ ಆರೋಪ ಎದ್ದಿತು. ಮಹಿಳಾ ಮತ್ತು ಆರೋಗ್ಯ ಸಂಘಟನೆಗಳು ತಾಂಡಾ ತಾಂಡಾ ತಿರುಗಿ ಹೇಳಿಕೆ ಬರೆದುಕೊಂಡು, ಸ್ಕ್ಯಾನ್ ಚೀಟಿ ಹುಡುಕಿ ಬೀದಿಗಿಳಿದ ಮೇಲೆ ಸರ್ಕಾರ ತನಿಖೆ ಮಾಡಿಸಿತು. ಆ ಚೀಟಿಗಳು ಇಲ್ಲದಿದ್ದರೆ ಅದು ತಾಂಡಾದ ಮಾತಾಗಿಯೇ ಉಳೀತಿತ್ತು.

ಹೊಲದ ಕೇಸಿನ ವಕೀಲರು ಯಾಕೆ ಅಷ್ಟು ಇದ್ದಾರೆ ಅಂದರೆ ಹೊಲಕ್ಕೆ ಕಾಗದ ಇದೆ. 2000ದ ಆಸುಪಾಸಿನಲ್ಲಿ ಕರ್ನಾಟಕ 'ಭೂಮಿ' ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿತು. 15 ರೂಪಾಯಿ ಕೊಟ್ಟರೆ ತಾಲೂಕು ಕಚೇರಿಯಲ್ಲಿ ಪ್ರಿಂಟ್ ಸಿಗ್ತಿತ್ತು. ವಿಜ್ಞಾನೇಶ್ವರ ಹೇಳಿದ ಹುಟ್ಟಿನ ಹಕ್ಕಿಗೆ ಸಾಕ್ಷಿ ಇದೆ, ಆದ್ದರಿಂದ ಅದು ಬದುಕಿದೆ. ಹುಟ್ಟಿದ ಮೈಯ ಹಕ್ಕಿಗೆ ಸಾಕ್ಷಿ ಬೇಕು. ಬಸುರಿಗೆ ತಾಯಿ ಕಾರ್ಡ್ ಕೊಡ್ತಾರೆ, ಅದು ಮನೆಯಲ್ಲಿರುತ್ತೆ. ಹೆರಿಗೆಯ ಆ ಹನ್ನೆರಡು ತಾಸಿನ ಹಾಳೆ ಮಾತ್ರ ಮನೆಗೆ ಬರೋದೇ ಇಲ್ಲ.

ಅದನ್ನು ತರಿಸಿಕೊಳ್ಳೋದು ನಿಮ್ಮ ಕೈಯಲ್ಲಿದೆ. 2002ರ ಅದೇ ನಿಯಮದಲ್ಲಿ, ರೋಗಿ ಅಥವಾ ಅವರ ಕಡೆಯವರು ಕೇಳಿದರೆ 72 ಗಂಟೆಯೊಳಗೆ ದಾಖಲೆಯ ಪ್ರತಿ ಕೊಡಬೇಕು ಅಂತ ಇದೆ. ಜಗಳ ಬೇಡ, ಅನುಮಾನವೂ ಬೇಡ. ಎಲ್ಲ ಸರಿಯಾಗಿ ಆಗಿದ್ದರೂ, ಡಿಸ್ಚಾರ್ಜ್ ದಿನ ಪೇಡೆ ಹಂಚುವಾಗ ಒಂದು ಬಿಳಿ ಹಾಳೆಯಲ್ಲಿ ಅರ್ಜಿ ಬರೆದು, ಕೇಸ್ ಶೀಟ್ ಮತ್ತು ಪಾರ್ಟೋಗ್ರಾಫಿನ ಝೆರಾಕ್ಸ್ ಕೇಳಿ, ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಪಹಣಿ ಇಟ್ಟಿರುವ ಟ್ರಂಕಿನಲ್ಲೇ ಅದನ್ನೂ ಇಡಿ. ಊರಿನಲ್ಲಿ ಅಕ್ಕನೋ ತಂಗಿಯೋ ಹಡೀಲಿಕ್ಕೆ ತವರಿಗೆ ಬಂದಿದ್ದರೆ ಇವತ್ತೇ ಫೋನ್ ಮಾಡಿ ಹೇಳಿ.

ನಿಮ್ಮ ಜಿಲ್ಲೆಯಲ್ಲಿ ಇಂಥ ಮಕ್ಕಳ ಕೇಸು ನಡೆಸುವ ವಕೀಲರು ಇದ್ದರೆ ತಿಳಿಸಿ. ಒಂದು ಪಟ್ಟಿಯಾದರೂ ಮಾಡೋಣ.